ಫಿಲ್ಟರಿಗೆ ಹಚ್ಚಿದ ಕುಂಕುಮ

ನಾನು ಮೀನಿನ ಟ್ಯಾಂಕ್ ತೊಳೆಯುವವನು. ಹೀಗೆ ಹೇಳಿದರೆ ಜನ ನಗುತ್ತಾರೆ, ಅದೂ ಒಂದು ಕೆಲಸವೇ ಎಂದು ಕೇಳುತ್ತಾರೆ. ಠಾಣೆ, ಡೊಂಬಿವಲಿ, ವಾಶಿ, ನೆರೂಳಿನ ಆಫೀಸು, ದವಾಖಾನೆ, ಹೋಟೆಲುಗಳ ಬಾಗಿಲಲ್ಲಿ ಶೋಕಿಗೆ ಇಟ್ಟ ಗಾಜಿನ ಪೆಟ್ಟಿಗೆಗಳು ಪಾಚಿಗಟ್ಟದೆ ಇರುವುದು ನನ್ನಂಥವರಿಂದ. ನಮ್ಮಪ್ಪ, ಅವ್ವ ಕಲಬುರಗಿ ಕಡೆಯಿಂದ ಬಂದು ನವಿ ಮುಂಬಯಿಯ ಕಟ್ಟಡಗಳಿಗೆ ಸಿಮೆಂಟು ಹೊತ್ತವರು. ಅವರು ಹೊತ್ತು ಕಟ್ಟಿದ ಕಟ್ಟಡಗಳಿಗೆ ನಾನು ಬಕೆಟ್ಟು, ಪೈಪು ಹಿಡಿದುಕೊಂಡು ಹೋದರೆ ವಾಚ್‌ಮನ್ ಸಾಮಾನಿನ ಲಿಫ್ಟ್ ಕಡೆ ಕೈ ತೋರಿಸುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಕಡೆ ಅವನೂ ನಮ್ಮ ಕಡೆಯವನೇ ಆಗಿರುತ್ತಾನೆ.

ಇಲ್ಲಿ ಹೇಳಹೊರಟಿರುವುದು ಒಂದು ಫಿಲ್ಟರಿನ ಸುದ್ದಿ. ಅದನ್ನು ಶುರು ಮಾಡುವುದು ಹೇಗೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ತಪ್ಪಿದ್ದು ಅಲ್ಲಿ. ಗೊತ್ತಿಲ್ಲದೆ ತಪ್ಪಿದ್ದಲ್ಲ, ಗೊತ್ತಿದ್ದೂ ತಪ್ಪಿದ್ದು. ಮತ್ತು ಅದಕ್ಕೆ ಕೆಲಸ ಕಳೆದುಕೊಂಡದ್ದು ನಾನಲ್ಲ, ಬೇರೊಬ್ಬಳು.

ದೊಡ್ಡ ಟ್ಯಾಂಕುಗಳ ಕೆಳಗಿನ ಕಪಾಟಿನಲ್ಲಿ ಒಂದು ಡಬ್ಬ ಇರುತ್ತದೆ. ಕ್ಯಾನಿಸ್ಟರ್ ಫಿಲ್ಟರ್ ಎಂದು ಅದರ ಹೆಸರು. ಅದಕ್ಕೆ ಎರಡು ಪೈಪು. ಒಂದರಿಂದ ಟ್ಯಾಂಕಿನ ನೀರು ಡಬ್ಬಕ್ಕೆ ಇಳಿದು, ಒಳಗಿನ ಸ್ಪಂಜು, ಪಿಂಗಾಣಿ ಉಂಗುರಗಳ ನಡುವೆ ಹಾದು, ಇನ್ನೊಂದರಿಂದ ಮೇಲೆ ಹೋಗುತ್ತದೆ. ಮೇಲೆ ತಳ್ಳುವ ಮೋಟರು ಮುಚ್ಚಳದಲ್ಲಿದೆ. ಆ ಮೋಟರಿಗೆ ನೀರು ತಳ್ಳಲು ಬರುತ್ತದೆ, ಗಾಳಿ ತಳ್ಳಲು ಬರುವುದಿಲ್ಲ. ಡಬ್ಬದಲ್ಲಿ ಗಾಳಿ ಇದ್ದಾಗಲೇ ಸ್ವಿಚ್ ಹಾಕಿದರೆ ಕಟಕಟ ಹಲ್ಲು ಕಡಿಯುತ್ತದೆ, ಬಹಳ ಹೊತ್ತು ಹಾಗೇ ಬಿಟ್ಟರೆ ಒಳಗಿನ ಕಡ್ಡಿ ಮುರಿದುಕೊಂಡು ಕೂರುತ್ತದೆ. ಆದ್ದರಿಂದ ಮೊದಲು ಗಾಳಿಯನ್ನು ಹೊರಗೆ ಹಾಕಬೇಕು. ಇದಕ್ಕೆ ನಾವು ಪ್ರೈಮ್ ಮಾಡುವುದು ಎನ್ನುತ್ತೇವೆ. ಮುಚ್ಚಳದ ರಬ್ಬರ್ ರಿಂಗನ್ನು ಒರೆಸಿ ಕೂರಿಸಿ, ಕ್ಲಿಪ್ ಹಾಕಿ, ಪೈಪುಗಳ ವಾಲ್ವ್ ತೆರೆದು, ಮೇಲಿನ ಗುಂಡಿಯನ್ನು ನಾಲ್ಕೈದು ಸಲ ಒತ್ತಿದರೆ ನೀರು ಗುಳುಗುಳು ಎಂದು ತಾನೇ ಇಳಿಯುತ್ತದೆ. ಸದ್ದು ನಿಲ್ಲುವ ತನಕ ಕಾಯಬೇಕು. ಡಬ್ಬವನ್ನು ಆಚೆ ಈಚೆ ವಾಲಿಸಿ ಉಳಿದ ಗುಳ್ಳೆಗಳನ್ನು ಬಿಡಬೇಕು. ಸ್ವಿಚ್ ಆಮೇಲೆ. ಗುಂಡಿ ಇಲ್ಲದ ಹಳೆಯ ಡಬ್ಬಗಳಾದರೆ ಪೈಪನ್ನು ಬಾಯಿಗಿಟ್ಟು ಎಳೆಯಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕಸುಬಿನಲ್ಲಿ ಕೈಯೂ ಕೆಸರು, ಬಾಯಿಯೂ ಕೆಸರು.

ಇನ್ನೊಂದು ಸಂಗತಿ. ಆ ಉಂಗುರಗಳ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಮನೆ ಮಾಡಿಕೊಂಡಿರುತ್ತವೆ. ಮೀನಿನ ಹೊಲಸು ವಿಷವಾಗದಂತೆ ಅದನ್ನು ತಿಂದು ಮುಗಿಸುವುದು ಅವೇ. ಅವಕ್ಕೆ ಹರಿಯುವ ನೀರು ಬೇಕು. ಡಬ್ಬ ಒಂದೆರಡು ತಾಸು ನಿಂತರೆ ಪರವಾಗಿಲ್ಲ. ಇಡೀ ಒಂದು ರಾತ್ರಿ ನಿಂತರೆ ಅವು ಒಳಗೇ ಸತ್ತು ಕೊಳೆಯುತ್ತವೆ, ನೀರು ಕಪ್ಪಾಗುತ್ತದೆ, ಕೆಟ್ಟ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಹಾಗೆ ನಿಂತ ಡಬ್ಬವನ್ನು ಮತ್ತೆ ಶುರು ಮಾಡುವ ಮೊದಲು ಬಿಚ್ಚಿ, ಆ ನೀರನ್ನು ಮೋರಿಗೆ ಸುರಿದು, ಒಳಗಿನದನ್ನೆಲ್ಲ ತೊಳೆಯಬೇಕು. ಇಲ್ಲದಿದ್ದರೆ ಅಷ್ಟೂ ವಿಷ ಟ್ಯಾಂಕಿಗೆ ಹೋಗುತ್ತದೆ. ಈ ಕಸುಬಿನ ಮೊದಲ ಪಾಠವೇ ಇದು.

ಈ ಫಿಲ್ಟರ್ ಇದ್ದದ್ದು ಕೋಪರಿಯ ಒಂದು ಹೋಟೆಲಿನಲ್ಲಿ. ಅಲ್ಲಿಯ ಕೆಲಸ ನನಗೆ ಸಿಕ್ಕಿದ್ದು ಒಬ್ಬ ಹೆಂಗಸಿನಿಂದ. ವಿಜಯಪುರ ಕಡೆಯವಳು, ಐವತ್ತು ದಾಟಿದವಳು, ಮುಂಬ್ರಾದ ಗುಡ್ಡದ ಬುಡದಲ್ಲಿ ಒಂದು ಖೋಲಿಯಲ್ಲಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಹೋಟೆಲಿನ ನೆಲ ಒರೆಸಿ, ಸಂಜೆ ಠಾಣೆಯ ಒಂದು ಆಫೀಸಿಗೆ ಹೋಗುತ್ತಿದ್ದಳು. ಅದೇ ಆಫೀಸಿನ ಟ್ಯಾಂಕಿನ ಕೆಳಗೆ ನಾನೊಮ್ಮೆ ಹಳೆಯ ಡಬ್ಬದ ಪೈಪು ಎಳೆಯುತ್ತ ಕೂತಿದ್ದೆ. ಒಂದು ಬಾಯಿ ಹೊಲಸು ನೀರು ಗಂಟಲಿಗೆ ಇಳಿಯಿತು. ಉಗುಳಿ, ಆ ಡಬ್ಬ ಮಾಡಿದವನ ತಾಯಿಯನ್ನು ಬಾಯಿ ತುಂಬ ನೆನೆದೆ.

“ಯಾವೂರಪ್ಪಾ ನಿಂದು? ಬೈಗುಳ ನಮ್ಮ ಕಡಿದು ಐತಲ್ಲ!” ಎಂದು ಹಿಂದಿನಿಂದ ಯಾರೋ ನಕ್ಕರು. ನೋಡಿದರೆ ಕೈಯಲ್ಲಿ ನೆಲ ಒರೆಸುವ ಪೋಚಾ ಹಿಡಿದು ಇವಳು ನಿಂತಿದ್ದಳು.

ಹೋಟೆಲಿನವರೆಲ್ಲ ಅವಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನು ಅವ್ವಾ ಎನ್ನುತ್ತಿದ್ದೆ. ಬಾಯಿ ಬಹಳ ಹರಿತ, ಕೆನ್ನೆಯಲ್ಲಿ ಸದಾ ಒಂದು ಚಿಟಿಕೆ ತಂಬಾಕು. ಹೋಟೆಲಿನ ಸೇಟ್ ದೊಡ್ಡ ಟ್ಯಾಂಕ್ ತರಿಸಿ, ಅದನ್ನು ನೋಡಿಕೊಳ್ಳಲು ಜನ ಹುಡುಕುತ್ತಿದ್ದಾಗ, “ನಮ್ಮವ ಒಬ್ಬ ಅದಾನ್ರಿ, ಕಲಬುರಗಿ ಕಡೆಯವ, ಕಸಬ ಬಲ್ಲವ” ಎಂದು ಹೇಳಿ ನನ್ನನ್ನು ಕರೆದುಕೊಂಡು ಹೋದವಳು ಅವಳೇ.

ಸೇಟ್ ಉಡುಪಿ ಕಡೆಯವರು. ಮೀನಿನೂಟಕ್ಕೆ ಹೆಸರಾದ ಹೋಟೆಲು. ಮನೆಯವರೊಂದಿಗೆ, ಕ್ಯಾಶಿಯರ್ ಜೊತೆ ತುಳು, ನನ್ನ ಜೊತೆ ಕನ್ನಡ, ಗಿರಾಕಿಗಳ ಜೊತೆ ಮರಾಠಿ. ಬಾಗಿಲ ಪಕ್ಕದ ಟ್ಯಾಂಕಿನಲ್ಲಿ ಒಂದೇ ಒಂದು ಅರೋವಾನಾ ಮೀನು, ಬಂಗಾರದ ಬಣ್ಣದ್ದು, ಮೊಳದುದ್ದ. ಅದು ಮನೆಯಲ್ಲಿದ್ದರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ಯಾರೋ ಹೇಳಿದ್ದರಂತೆ. ಸೇಟ್ ಒಳ್ಳೆಯ ಮನುಷ್ಯರೇ. ಗುರುತಿನ ಗಿರಾಕಿ ಬಂದರೆ ನನ್ನ ಹೆಗಲ ಮೇಲೆ ಕೈಯಿಟ್ಟು, “ಇವ ನಮ್ಮವ, ಕನ್ನಡದವ” ಎನ್ನುತ್ತಿದ್ದರು. ಚಹಾ ಮಾತ್ರ ನನಗೆ ಹಿಂದೆ, ಪಾತ್ರೆ ತೊಳೆಯುವ ಕಡೆ ಬರುತ್ತಿತ್ತು, ಕಾಗದದ ಕಪ್ಪಿನಲ್ಲಿ. ಅವರ ಊರಿನ ಹುಡುಗರು ಮುಂದಿನ ಟೇಬಲಿನಲ್ಲಿ ಗಾಜಿನ ಲೋಟದಲ್ಲಿ ಕುಡಿಯುತ್ತಿದ್ದರು. ಯಾರೂ ಹೀಗೆ ಮಾಡಬೇಕೆಂದು ಮಾಡಿದ್ದಲ್ಲ. ಆದರೂ ಆ ಕಾಗದದ ಕಪ್ಪು ನನಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು, ಪ್ರತಿ ಸಲವೂ ಚುಚ್ಚುತ್ತಿತ್ತು.

ಅವ್ವನಿಗೂ ಆ ಮೀನಿಗೂ ದಿನವೂ ಜಗಳ. ಟ್ಯಾಂಕಿನ ಮುಂದೆ ನೆಲ ಒರೆಸುವಾಗ ಅದು ಗಾಜಿನ ಹತ್ತಿರ ಬಂದು ದಿಟ್ಟಿಸುತ್ತಿತ್ತು. “ಏನ್ ನೋಡ್ತೀಯೋ ಸೊಕ್ಕಿನ ಮಗನ? ತಿಂದು ತಿರುಗೂದು ಬಿಟ್ರ ಬ್ಯಾರೆ ಕೆಲ್ಸ ಐತೇನ್ ನಿನಗ?” ಎಂದು ಬೈಯುವಳು. ಬೈದು, ಅಡುಗೆಯವರು ಸಿಗಡಿ ಬಿಡಿಸಿ ಎಸೆದ ತಲೆಗಳಲ್ಲಿ ಒಂದೆರಡನ್ನು ತಂದು ಹಾಕುವಳು. ಹಾಕಬಹುದೋ ಇಲ್ಲವೋ ಎಂದು ಮೊದಲು ನನ್ನನ್ನು ಕೇಳಿದ್ದಳು. ಹಾಕಬಹುದು, ಮುಳ್ಳು ಮುರಿದು ಹಾಕು, ಈ ಜಾತಿಯ ಮೀನಿಗೆ ಸಿಗಡಿಗಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ನಾನೇ ಹೇಳಿದ್ದೆ.

ಟ್ಯಾಂಕ್ ಬಂದ ಮೇಲೆ ಮೊದಲ ನವರಾತ್ರಿ. ನವಮಿಯ ದಿನ ಆಯುಧಪೂಜೆ. ಸೇಟ್ ಅಷ್ಟಮಿಯ ದಿನವೇ ಫೋನ್ ಮಾಡಿ ಕರೆದಿದ್ದರು. ನವಮಿಯಂದು ನಾನು ಹೋಗುವ ಹೊತ್ತಿಗೆ ಮಧ್ಯಾಹ್ನದ ಊಟ ಮುಗಿಸಿ ಹೋಟೆಲು ಮುಚ್ಚಿದ್ದರು. ಗ್ರೈಂಡರು, ಮಿಕ್ಸರು, ಬಿಲ್ಲಿನ ಮಷೀನು, ಜ್ಯೂಸಿನ ಮಷೀನು, ಈಳಿಗೆಮಣೆ, ದೊಡ್ಡ ಕತ್ತಿಗಳು, ಎಲ್ಲವನ್ನೂ ತೊಳೆದು ಬಾಳೆಯೆಲೆಗಳ ಮೇಲೆ ಸಾಲಾಗಿ ಇಟ್ಟಿದ್ದರು. ಅಂದು ಪೂಜೆ ಮಾಡಿ ನಿಲ್ಲಿಸಿದ್ದನ್ನು ಮರುದಿನ, ದಶಮಿಯ ಬೆಳಗ್ಗೆ, ಮತ್ತೆ ಪೂಜೆ ಮಾಡಿಯೇ ಶುರು ಮಾಡಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಸಾಲಿನಲ್ಲಿ ಒಂದು ಎಲೆ ಖಾಲಿ ಇತ್ತು. ಅದು ನನ್ನ ಡಬ್ಬಕ್ಕೆ.

“ಸೇಟ್, ಇದನ್ನ ಬಂದ್ ಮಾಡಬಾರದ್ರಿ. ಮೀನಿಗೆ ತ್ರಾಸ ಆಗ್ತದ,” ಎಂದೆ.

“ಎಂತ ತ್ರಾಸು ಮಾರಾಯಾ? ಗ್ರೈಂಡರಿಗೆ ರಜೆ ಉಂಟು, ಮಿಕ್ಸರಿಗೆ ರಜೆ ಉಂಟು, ಇದಕ್ಕೆ ಮಾತ್ರ ಇಲ್ವಾ? ವರ್ಷವಿಡೀ ತಿರುಗುವ ಮಷೀನು ಇದು. ಇದಕ್ಕೇ ಮೊದಲು ಪೂಜೆ ಆಗ್ಬೇಕು.”

“ಫ್ರಿಜ್ ಚಾಲೂ ಅದಲ್ರಿ ಮತ್ತ.”

“ಫ್ರಿಜ್ ಬಂದ್ ಮಾಡಿದ್ರೆ ಒಳಗಿನ ಮೀನು ಹಾಳಾಗ್ತದಲ್ಲ!” ಎಂದರು ಸೇಟ್. ನಗೆಯಾಡಿದ್ದಲ್ಲ, ನಿಜವಾಗಿಯೂ ಹಾಗೆಯೇ ಹೇಳಿದರು. ಸತ್ತ ಮೀನು ಕೆಡಬಾರದೆಂದು ಫ್ರಿಜ್ಜಿಗೆ ಹೊರಗಿನಿಂದಲೇ ಹೂವು, ಕುಂಕುಮ. ಬದುಕಿದ್ದ ಮೀನಿನ ಉಸಿರು ಬಾಳೆಯೆಲೆಯ ಮೇಲೆ.

ನಾನು ಪೂಜೆ ಬೇಡ ಎನ್ನುವವನಲ್ಲ. ನನ್ನ ಹೆತ್ತವ್ವ ಬದುಕಿದ್ದಾಗ ಆ ದಿನ ಸಲಿಕೆ, ಬುಟ್ಟಿಗೆ ವಿಭೂತಿ ಹಚ್ಚಿ ಮೂಲೆಯಲ್ಲಿಟ್ಟು, ನಾವು ಹತ್ತಿರ ಹೋದರೂ ಬೈಯುತ್ತಿದ್ದಳು. ಅಂದು ಬೆಳಗ್ಗೆ ನನ್ನ ಇಕ್ಕಳ, ಪೈಪು ತೊಳೆಯುವ ಬ್ರಷ್ಷಿಗೆ ನಾನೂ ಕುಂಕುಮ ಹಚ್ಚಿಯೇ ಬಂದಿದ್ದೆ. ಅಂಥವನು ಇನ್ನೊಬ್ಬರ ಪೂಜೆಗೆ ಅಡ್ಡ ಬರುವುದು ಹೇಗೆ? ಇದು ನಾನು ನನಗೆ ಹೇಳಿಕೊಂಡ ಸಬೂಬು. ನಿಜ ಏನೆಂದರೆ ಸೇಟ್ ಎದುರು ಎರಡನೆಯ ಸಲ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ವಾಲ್ವ್ ಮುಚ್ಚಿ, ಪೈಪು ಕಳಚಿ, ಎತ್ತಲು ಭಾರವೆಂದು ಅರ್ಧ ನೀರು ಚೆಲ್ಲಿ, ಮತ್ತೆ ಕ್ಲಿಪ್ ಹಾಕಿ, ಡಬ್ಬವನ್ನು ಒರೆಸಿ ಎಲೆಯ ಮೇಲೆ ಇಟ್ಟೆ. ಟ್ಯಾಂಕಿನ ಹಿಂದೆ ಗುಳ್ಳೆ ಬಿಡುವ ಸಣ್ಣ ಗಾಳಿ ಮಷೀನು ಒಂದಿತ್ತು. ಅದು ಸೇಟ್ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಹಾಗೇ ಚಾಲೂ ಬಿಟ್ಟೆ. ಉಸಿರಾಡಲು ಮೀನಿಗೆ ಅಷ್ಟು ಸಾಕು. ನಾಳೆ ಬೇಗ ಬಂದು, ಡಬ್ಬ ಬಿಚ್ಚಿ ತೊಳೆದು, ಆಮೇಲೆ ಶುರು ಮಾಡಿದರಾಯಿತು ಎಂದುಕೊಂಡು, ಬಹಳ ಜಾಣನಂತೆ ಮನೆಗೆ ಹೋದೆ.

ಮರುದಿನ ಏಳಕ್ಕೇ ಹೋದೆ. ನನಗಿಂತ ಮೊದಲೇ ಎಲ್ಲರೂ ಬಂದಿದ್ದರು. ಸೇಟ್, ರೇಷ್ಮೆ ಸೀರೆಯಲ್ಲಿ ಅವರ ಹೆಂಡತಿ, ಅಣ್ಣ, ಅತ್ತಿಗೆ, ಅವರ ಮೊಮ್ಮಗಳು, ಅವರ ಹಿಂದೆ ಕೆಲಸದವರ ಸಾಲು. ಎಲ್ಲರಿಗಿಂತ ಹಿಂದೆ ಗೋಡೆಗೆ ಒರಗಿ ಅವ್ವ. ಒಳಗೆ ಕಾಲಿಡುವಾಗಲೇ ಅವಳು ನನ್ನ ಕೈಯಲ್ಲಿ ನಾಲ್ಕು ಬನ್ನಿ ಎಲೆ ಇಟ್ಟು, “ಬಂಗಾರ ತಗೋ ತಮ್ಮಾ, ಬಂಗಾರದಂಗ ಇರೂಣು,” ಎಂದಳು. ನಾನು ಅವಳ ಕಾಲು ಮುಟ್ಟಿ, ಅವಳ ಪಕ್ಕದಲ್ಲೇ ನಿಲ್ಲಲು ಹೋದೆ. ನನ್ನ ಜಾಗ ಅದೇ ಎಂದು ನನಗೆ ಗೊತ್ತಿತ್ತು.

“ಅಲ್ಲಿ ಎಂತ ಮಾಡ್ತೀಯಾ? ಮುಂದೆ ಬಾ, ಮುಂದೆ ಬಾ!” ಸೇಟ್ ಕೂಗಿ ಕರೆದರು. “ಮೊದಲು ನಿನ್ನ ಮಷೀನೇ ಚಾಲೂ ಆಗ್ಲಿ. ಆ ಮೀನು ಅಂದ್ರೆ ನಮ್ಮ ಲಕ್ಷ್ಮಿ. ನೀನೇ ಶುರು ಮಾಡು, ನಮ್ಮವನಲ್ವಾ ನೀನು.”

ಸಾಲು ಎರಡಾಗಿ ಸರಿದು ದಾರಿ ಬಿಟ್ಟಿತು. ಪೂಜೆಗೆ ಬಂದಿದ್ದ ಭಟ್ಟರು ನನ್ನ ಹಣೆಗೆ ಕುಂಕುಮ ಇಟ್ಟು, ಕೈಗೆ ಹೂವು ಕೊಟ್ಟರು. ಅವರಿಗೆ ಇನ್ನೂ ಮೂರು ಹೋಟೆಲಿನ ಪೂಜೆ ಬಾಕಿ, ಬೇಗ ಬೇಗ ಎನ್ನುತ್ತಿದ್ದರು. ನಾನು ಡಬ್ಬವನ್ನು ಎತ್ತಿ ಟ್ಯಾಂಕಿನ ಕೆಳಗೆ ಕೂತೆ. ಮುಚ್ಚಳದ ಮೇಲೆ ಕುಂಕುಮ ಒಣಗಿತ್ತು, ಕ್ಲಿಪ್ಪಿಗೆ ಚೆಂಡುಹೂವಿನ ಎಸಳು ಸಿಕ್ಕಿತ್ತು. ಕ್ಲಿಪ್ಪಿನ ಮೇಲೆ ಬೆರಳಿಟ್ಟೆ. ಬಿಚ್ಚಿದರೆ ಆ ಕೆಟ್ಟ ವಾಸನೆ ಕರ್ಪೂರ, ಊದುಬತ್ತಿಯ ನಡುವೆ, ರೇಷ್ಮೆ ಸೀರೆಗಳ ನಡುವೆ ಹರಡುತ್ತದೆ. ಪೂಜೆ ಆದ ಡಬ್ಬದಿಂದ ಕರಿ ನೀರು ಬಂದರೆ ಅಪಶಕುನ ಎನ್ನುತ್ತಾರೆ. ಐದು ನಿಮಿಷ ಕೊಡಿ, ಇದನ್ನು ಹಿಂದೆ ಮೋರಿಗೆ ಒಯ್ದು ತರುತ್ತೇನೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಆ ಹೋಟೆಲಿಗೆ ಸುಮಾರು ಒಂದು ವರ್ಷ ಹೋಗಿಬಂದಿದ್ದೆ, ಯಾರೂ ನನ್ನನ್ನು ಮುಂದೆ ಕರೆದಿರಲಿಲ್ಲ. ಕರೆದ ಒಂದು ದಿನ ನಾನು ಅಲ್ಲಿಂದ ಎದ್ದು ಮೋರಿಗೆ ಹೋಗಲು ಇಷ್ಟಪಡಲಿಲ್ಲ.

ಪೈಪು ಕೂರಿಸಿದೆ, ವಾಲ್ವ್ ತೆರೆದೆ, ಗುಂಡಿ ಒತ್ತಿದೆ. ನೀರು ಗುಳುಗುಳು ಎಂದು ಇಳಿಯಿತು. ಮೊಮ್ಮಗಳು ಚಪ್ಪಾಳೆ ತಟ್ಟಿ ನಕ್ಕಳು, ಭಟ್ಟರು ಗಂಟೆ ಬಾರಿಸಿದರು. ಗುಳ್ಳೆ ಬಿಟ್ಟೆ, ಸ್ವಿಚ್ ಹಾಕಿದೆ. ಮೋಟರು ಒಂದಿಷ್ಟೂ ಸದ್ದು ಮಾಡದೆ ಹೊರಟಿತು. ಕಸುಬಿನ ಲೆಕ್ಕದಲ್ಲಿ ಅಷ್ಟು ಚೆಂದವಾಗಿ ನಾನು ಯಾವ ಡಬ್ಬವನ್ನೂ ಪ್ರೈಮ್ ಮಾಡಿದ್ದಿಲ್ಲ. ಎದ್ದು ನಿಂತು ಎಲ್ಲರ ಮುಖ ನೋಡಿದೆ. ಟ್ಯಾಂಕಿನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ ಎಂದರೆ ಅದು ಸರಿಯಾದ ಮಾತು.

ಅಂದು ಮುಂದಿನ ಟೇಬಲಿನಲ್ಲಿ, ಸೇಟ್ ಮನೆಯವರ ಸಾಲಿನಲ್ಲಿ, ನನಗೂ ಎಲೆ ಹಾಕಿದರು. ಕಡಲೆ ಉಸ್ಲಿ, ಪಾಯಸ, ಆಮೇಲೆ ಗಾಜಿನ ಲೋಟದಲ್ಲಿ ಚಹಾ. ಊಟ ನನಗೆ ರುಚಿಸಿತು. ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ಓದುವವರು ನನ್ನನ್ನು ಸ್ವಲ್ಪ ಕ್ಷಮಿಸಬಹುದು, ಆದರೆ ಹಾಗೇನೂ ಆಗಲಿಲ್ಲ. ಎರಡನೆಯ ಸಲ ಪಾಯಸ ಹಾಕಿಸಿಕೊಂಡೆ.

ಮರುದಿನ ಬೆಳಗ್ಗೆ ಕ್ಯಾಶಿಯರ್ ಫೋನ್ ಮಾಡಿದ. ನಾನು ಹೋಗುವಾಗ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಸೇಟ್ ಇನ್ನೂ ಬಂದಿರಲಿಲ್ಲ. ನಾನು ಮಾಡಿದ ಮೊದಲ ಕೆಲಸ, ಡಬ್ಬವನ್ನು ಕಳಚಿ ಹಿಂದೆ ಮೋರಿಗೆ ಒಯ್ದು ಬಿಚ್ಚಿದ್ದು. ವಾಸನೆಗೆ ಪಾತ್ರೆ ತೊಳೆಯುವವರು ಮೂಗು ಮುಚ್ಚಿಕೊಂಡರು. ಸುರಿದೆ, ನಲ್ಲಿಯ ಕೆಳಗೆ ಉಂಗುರಗಳನ್ನು ಬಿಳಿ ಆಗುವ ತನಕ ತಿಕ್ಕಿದೆ. ಹಿಂದಿನ ದಿನ ಮಾಡಬೇಕಾಗಿದ್ದ ಕೆಲಸವನ್ನು ಅಂದು ಮಾಡಿದೆ, ಗುರುತು ಉಳಿಯಬಾರದೆಂದು.

ಸೇಟ್ ಬಂದು ಟ್ಯಾಂಕಿನ ಮುಂದೆ ಬಹಳ ಹೊತ್ತು ನಿಂತರು. ಕಣ್ಣು ಒದ್ದೆಯಾಗಿತ್ತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ಆಗ ಕ್ಯಾಶಿಯರ್ ಬಾಯಿ ಹಾಕಿದ.

“ಆ ಮೌಶಿ ದಿನಾ ಅಡುಗೆಮನೆಯಿಂದ ಸಿಗಡಿ ತಲೆ ತಂದು ಹಾಕ್ತಾಳೆ ಸೇಟ್. ನಾನೇ ನೋಡಿದ್ದೇನೆ.”

ಅವ್ವನನ್ನು ಕರೆಸಿದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ಹಾಕೀನ್ರಿ. ಸುಳ್ಳ್ಯಾಕ ಹೇಳಲಿ? ದಿನಾ ಹಾಕ್ತೀನಿ. ಇವನೇ ಹಾಕು ಅಂದಾನ, ಕೇಳ್ರಿ,” ಎಂದು ನನ್ನ ಕಡೆ ಕೈ ಮಾಡಿದಳು. ಅದರಲ್ಲಿ ದೂರು ಇರಲಿಲ್ಲ. ಕಸುಬು ಬಲ್ಲ ತನ್ನ ಮನುಷ್ಯ ಇಲ್ಲೇ ಇದ್ದಾನಲ್ಲ, ಹೇಳುತ್ತಾನೆ ಎನ್ನುವ ಧೈರ್ಯ ಇತ್ತು.

ಸೇಟ್ ನನ್ನ ಕಡೆ ತಿರುಗಿದರು. “ಹೌದಾ? ಸಿಗಡಿಯಿಂದ ಸಾಯ್ತದಾ?”

“ಹಾಕು ಅಂದಿದ್ದು ಖರೆ ಅದ್ರಿ,” ಎಂದೆ. “ತಾಜಾ ಇದ್ದದ್ದು ಹಾಕು ಅಂದಿದ್ದೆ. ಹಳಸಿದ್ದು ಹಾಕಿದ್ರ ಸಾಯ್ತದ.”

ಹಳಸಿದ್ದು ಎಂಬ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ನಾನೇ ಎತ್ತಿ ತಂದು ಅವಳ ಮುಂದೆ ಇಟ್ಟೆ.

“ಹಳಸಿದ್ದು ನಾ ಯಾಕ ಹಾಕಲಿ?” ಅವ್ವನ ದನಿ ಏರಿತು. “ಮುಳ್ಳು ಮುರದು, ತೊಳದು ಹಾಕ್ತಿದ್ದೆ. ಏ ತಮ್ಮಾ, ನೀ ನೋಡಿಲ್ಲೇನು? ಹೇಳಲ್ಲ!” ನಾನು ಕೈಯಲ್ಲಿದ್ದ ಪೈಪನ್ನು ಸುತ್ತುತ್ತ ನಿಂತೆ.

ಸೇಟ್ ಕ್ಯಾಶಿಯರ್ ಕಡೆ ತಿರುಗಿ ತುಳುವಿನಲ್ಲಿ, “ಈ ಘಟ್ಟದಕ್ಲೆಗ್ ಏತ್ ಪಂಡಲಾ ತೆರಿಯುಜಿ,” ಎಂದರು. ಈ ಘಟ್ಟದ ಮೇಲಿನವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ ಎಂದು. ಘಟ್ಟದವರೆಂದರೆ ಅವಳು, ನಾನು, ನಮ್ಮಪ್ಪ, ನಮ್ಮವ್ವ. ಒಂದು ವರ್ಷದಲ್ಲಿ ನಾನು ಅಷ್ಟು ತುಳು ಕಲಿತಿದ್ದೆ ಎಂದು ಅವರಿಗೆ ಆ ಕ್ಷಣ ನೆನಪಾಯಿತೇನೋ, ನನ್ನ ಬೆನ್ನು ತಟ್ಟಿ, “ನಿನಗೆ ಹೇಳಿದ್ದಲ್ಲ ಮಾರಾಯಾ. ನೀನು ಬೇರೆ,” ಎಂದರು.

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಖುಷಿಯಾಯಿತು. ಇಷ್ಟು ವರ್ಷಗಳಾದ ಮೇಲೂ ನನ್ನ ಮೇಲೆ ನನಗೆ ಹೇಸಿಗೆ ಬರುವುದು ಆ ಸುಳ್ಳಿಗಿಂತ ಹೆಚ್ಚಾಗಿ ಈ ಖುಷಿಗೆ.

ನಾಳೆಯಿಂದ ಬರಬೇಡ ಎಂದು ಅವ್ವನಿಗೆ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಬರೆ ಕಾಯಿಸಿ ಕೊಟ್ಟವನೇ ನಾನು. ಅವಳು ಅಳುವವಳಲ್ಲ. ಪೋಚಾ ಹಿಂಡಿ ಬಿಸಿಲಿಗೆ ಹಾಕಿ, ಕ್ಯಾಶಿಯರ್ ಎದುರು ನಿಂತು, “ನಿನ್ನ ಬಾಯಾಗ ಹುಳ ಬೀಳ್ಲಿ,” ಎಂದು ಗಟ್ಟಿಯಾಗಿ ಹೇಳಿ, ಚೀಲ ತೆಗೆದುಕೊಂಡಳು. ನನ್ನ ಹತ್ತಿರ ಬಂದಾಗ ನಾನು ತಲೆ ತಗ್ಗಿಸಿದೆ. “ಆ ಪೈಪ್ ಬಾಗಲದಾಗ ಬಿದ್ದೈತಿ, ಯಾರರ ಎಡವ್ಯಾರು. ತಗಿ,” ಎಂದಳು. ಅಷ್ಟೇ ಹೇಳಿ ಹೋದಳು.

ಸೇಟ್ ದುಃಖ ಒಂದು ವಾರದಲ್ಲಿ ಕಡಿಮೆಯಾಯಿತು. ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನು ತನ್ನ ಮೇಲೆ ತೆಗೆದುಕೊಂಡಿತು ಎಂದು ಯಾರೋ ಹೇಳಿದರಂತೆ. ಅವರು ನಂಬಿ ಹೊಸ ಮೀನು ತರಿಸಿದರು. ನನ್ನ ಮೇಲೆ ನಂಬಿಕೆ ಹೆಚ್ಚಾಗಿ, ತಮ್ಮ ಕಡೆಯವರ ಇನ್ನೆರಡು ಹೋಟೆಲುಗಳ ಕೆಲಸ ಕೊಡಿಸಿದರು, ಡೊಂಬಿವಲಿಯದೊಂದು, ನೆರೂಳಿನದೊಂದು. ಈಗ ಪ್ರತಿ ನವಮಿಗೂ ನಾನು ಕೆಟ್ಟುಹೋದ ಹಳೆಯ ಡಬ್ಬವೊಂದನ್ನು ಒಯ್ಯುತ್ತೇನೆ. ಬಾಳೆಯೆಲೆಯ ಮೇಲೆ ಕೂತು ಕುಂಕುಮ ಹಚ್ಚಿಸಿಕೊಳ್ಳುವುದು ಆ ಖಾಲಿ ಡಬ್ಬ. ನಿಜವಾದದ್ದು ಕಪಾಟಿನೊಳಗೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಮರುದಿನ ಕಪಾಟಿನೊಳಗೆ ತಲೆ ಹಾಕಿ ಶುರು ಮಾಡಿದಂತೆ ನಟಿಸುತ್ತೇನೆ, ಭಟ್ಟರು ಗಂಟೆ ಬಾರಿಸುತ್ತಾರೆ. ಈ ಬುದ್ಧಿ ಆ ವರ್ಷವೇ ಹೊಳೆದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಕಳೆದ ವರ್ಷ ಮುಂಬ್ರಾದ ಒಂದು ದವಾಖಾನೆಯ ಟ್ಯಾಂಕ್ ತೊಳೆದು ಸ್ಟೇಷನ್ನಿಗೆ ಬಂದೆ. ಹಗಲು ಹನ್ನೊಂದರ ಹೊತ್ತು, ಗರ್ದಿ ಇರಲಿಲ್ಲ. ಬೆಂಚಿನ ಮೇಲೆ ಅವ್ವ ಕೂತಿದ್ದಳು. ಬಹಳ ಸೊರಗಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಬೇರೆ ಕಡೆ ತಿರುಗಿ ನಡೆಯೋಣ ಎಂದುಕೊಂಡೆ. ಅವಳೇ ಕೂಗಿದಳು.

“ಏ ಮೀನಿನ ತಮ್ಮಾ! ಕುಂಡ್ರು ಬಾ.”

ಕೂತೆ. ಕಲ್ಯಾಣದಲ್ಲಿ ಹೊಸ ಕಟ್ಟಡವೊಂದರ ಕೆಲಸಕ್ಕೆ ಹೋಗುತ್ತಿದ್ದಾಳಂತೆ. ಟೈಲ್ಸಿಗೆ ಅಂಟಿದ ಸಿಮೆಂಟು ಕೆರೆದು ತೊಳೆಯುವುದು. ಲಿಫ್ಟ್ ಇನ್ನೂ ಹಾಕಿಲ್ಲ, ನೀರು ಹೊತ್ತುಕೊಂಡೇ ಹತ್ತಬೇಕು, ಅಂದು ಮೊಣಕಾಲು ಹಿಡಿದು ತಡವಾಗಿ ಹೊರಟಿದ್ದೇನೆ ಎಂದಳು. ನನ್ನ ಮಕ್ಕಳ ಓದು ಕೇಳಿದಳು. ಆಮೇಲೆ ಹಳಿಗಳ ಕಡೆ ತಿರುಗಿ, “ಪೂಜಿ ದಿನ ಆ ಮಷೀನ ಈಗೂ ಬಂದ್ ಮಾಡ್ತೀರೇನು?” ಎಂದಳು.

“ಇಲ್ಲವ್ವಾ.”

“ಚೊಲೋ ಆತು. ಮಾಡಬ್ಯಾಡ್ರಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಅವತ್ತ ನೀ ಗುಂಡಿ ಒತ್ತಿ ಚಾಲೂ ಮಾಡ್ದಿ ನೋಡು, ಪೈಪಿನ್ಯಾಗಿಂದ ಕರ್ರಗ ನೀರು ಬಂತು, ಮಸಿ ಕಲಸಿದಂಗ. ಮೀನ ಹಿಂದಕ್ಕ ಸರದು ಮೂಲಿಗೆ ಹೋಗಿ ನಿಂತ್ತು. ನೀವೆಲ್ಲಾ ಭಟ್ರ ಕಡೆ ನೋಡಾಕತ್ತಿದ್ರಿ. ನಾ ಗ್ವಾಡಿ ಕಡೆ ನಿಂತಿದ್ನೆಲ್ಲ, ನನಗ ಕಂಡ್ತು.”

ನಾನು ಬಕೆಟ್ಟನ್ನು ಕಾಲ ಹತ್ತಿರ ಎಳೆದುಕೊಂಡೆ.

“ಮರುದಿನ ಸೇಟ್ ಕೇಳ್ದಾಗ ಬಾಯಿ ತನಕ ಬಂದಿತ್ತು. ಹೇಳಿದ್ರ ನಿಂದೂ ಹೋಗ್ತಿತ್ತು. ನನ್ನಂತೂ ಹೆಂಗೂ ಇಟ್ಕೊಂತಿದ್ದಿಲ್ಲ ಅವರು. ಒಂದ್ ಮನಿ ಒಲಿ ಆರಿದ್ದು ಸಾಕು, ಎರಡ್ಯಾಕ ಅಂತ ಸುಮ್ಮನಾದೆ.” ದೊಡ್ಡ ಉಪಕಾರ ಮಾಡಿದವಳ ದನಿಯಲ್ಲ, ಬಾಜಾರದ ಸುದ್ದಿ ಹೇಳುವ ದನಿ. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ ಕೂತಳು. “ಆದ್ರ ಒಮ್ಮೊಮ್ಮೆ ನನಗಽ ಸಂಶೇ ಬರ್ತೈತಿ. ಕಣ್ಣು ಮೊದಲಿನಂಗಿಲ್ಲ. ನೀರು ಕರ್ರಗ ಕಂಡಿದ್ದು ಖರೇನೋ, ಇಲ್ಲಾ ನಾ ಹಾಕಿದ ಸಿಗಡೀನಽ ಕೆಟ್ಟಿತ್ತೋ ಅಂತ. ಮೂಕ ಜೀವ ಅದು, ನನ್ನ ಕೈಯಾಗ ಸತ್ತಿದ್ರ ಪಾಪಲ್ಲೇನು? ನಿನಗ ಗೊತ್ತಿರ್ತೈತಿ. ನೀರು ಕರ್ರಗಿತ್ತು, ಹೌದಲ್ಲೋ ತಮ್ಮಾ?”

ಹೌದು ಎನ್ನಬೇಕಾಗಿತ್ತು, ಅಷ್ಟೇ. ಅಲ್ಲಿ ಸೇಟ್ ಇರಲಿಲ್ಲ, ಕ್ಯಾಶಿಯರ್ ಇರಲಿಲ್ಲ, ನನ್ನ ಕೆಲಸಕ್ಕೆ ಕುತ್ತು ಇರಲಿಲ್ಲ. ಹೌದು ಎಂದರೆ ಅವತ್ತು ಅವಳ ಹೆಸರು ಕೆಡಿಸಿದ್ದು ಬೇಕೆಂದೇ ಎಂದು ಅವಳ ಮುಖ ನೋಡಿ ಒಪ್ಪಿಕೊಂಡಂತಾಗುತ್ತಿತ್ತು.

“ನಾ ನೋಡಿಲ್ಲವ್ವಾ,” ಎಂದೆ. “ನೀರಿನ ಕಡೆ ನೋಡಿಲ್ಲ.”

ಕಲ್ಯಾಣದ ಗಾಡಿ ಬಂತು. ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ಹಂಗಾರ ನಾ ಹಾಕಿದ ಸಿಗಡೀನಽ ಇರಬೇಕು ಬಿಡು,” ಎಂದು ಹೇಳಿ ಹೆಂಗಸರ ಬೋಗಿಯ ಕಡೆ ನಡೆದಳು.